ಅಬ್ಬಿಗೆರೆಯ ಸ್ಕೂಟರ್ ಟೀಚರಿಗೆ ಮಲೇರಿಯಾ ಮಾತ್ರೆ

"ಮೇಡಂ, ನೆಲ ಎಲ್ಲೂ ಓಡಿಹೋಗಲ್ಲ. ಅದನ್ನೇ ನೋಡ್ಕೊಂಡು ಕೂತ್ಕೋಬೇಡಿ. ಮುಂದೆ ನೋಡಿ, ಮುಂದೆ!"

ಅಬ್ಬಿಗೆರೆಯಲ್ಲಿ ಈ ದನಿಯನ್ನು ಗುರುತಿಸದವರು ಕಡಿಮೆ. ನಾಗಲಕ್ಷ್ಮಿಯ ದನಿ ಅದು. ಕಟ್ಟಡ ಏಳದ ಸೈಟುಗಳ ನಡುವೆ ನಿಂತು, ಹೆಂಗಸರಿಗೆ ಸ್ಕೂಟರ್ ಓಡಿಸುವುದನ್ನು ಕಲಿಸುವುದು ಆಕೆಯ ಕಸುಬು. ಬೋರ್ಡಿಲ್ಲ, ಆಫೀಸಿಲ್ಲ. ಹಳೆಯದೊಂದು ಸ್ಕೂಟರು, ಅದರ ಹಿಂದೆ ಓಡುವುದಕ್ಕೆ ಗಟ್ಟಿ ಕಾಲು, ಇಷ್ಟೇ ಬಂಡವಾಳ. ಆಕೆಯ ಕೈಯಲ್ಲಿ ಕಲಿತವರು ಈಗ ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಯಶವಂತಪುರದ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಯಲಹಂಕದಲ್ಲಿರುವ ತವರಿಗೆ ಯಾರನ್ನೂ ಕೇಳದೆ ಹೋಗಿ ಬರುತ್ತಾರೆ.

ನಾಗಲಕ್ಷ್ಮಿಗೆ ಗಾಡಿ ಕಲಿಸಿದವನು ಆಕೆಯ ಅಪ್ಪ, ಜಕ್ಕೂರಿನ ವೆಂಕಟಸ್ವಾಮಿ. ಕೆರೆಯ ಮಗ್ಗುಲಲ್ಲಿ ಸೊಪ್ಪು ಬೆಳೆಯುತ್ತಿದ್ದ ಆತನಿಗೆ ಗಂಡುಮಕ್ಕಳಿರಲಿಲ್ಲ. "ಗಂಡಾದ್ರೇನು ಎಣ್ಣಾದ್ರೇನು, ಗಾಡಿಗೇನ್ ಗೊತ್ತಾಯ್ತದಾ?" ಎಂದು ಮಗಳ ಕೈಗೆ ಮೊಪೆಡ್ ಕೊಟ್ಟಿದ್ದ. ದಂಟು, ಕೊತ್ತಂಬರಿ ಕಟ್ಟುಗಳನ್ನು ಹೇರಿಕೊಂಡು ಸಂತೆಗೆ ಹೋಗುತ್ತಿದ್ದ ಹುಡುಗಿ, ಅಬ್ಬಿಗೆರೆಯ ಬಾಲರಾಜುವನ್ನು ಮದುವೆಯಾಗಿ ಬಂದಳು. ಆತ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಅವರ ರಾಗಿ ಹೊಲ ಮಾವನ ಕಾಲದಲ್ಲೇ ಲೇಔಟ್ ಆಗಿತ್ತು. ಅತ್ತೆ ವೆಂಕಟಲಕ್ಷ್ಮಮ್ಮ ಮಾತ್ರ ಇನ್ನೂ ಆ ಹೊಲದಲ್ಲೇ ಇರುವವಳಂತೆ, ಪಕ್ಕದ ಬೀದಿಯ ಮೂರಂತಸ್ತಿನ ಮನೆಯನ್ನು ತೋರಿಸಿ, "ಅಗೋ ಆ ಅವರೆಕಾಯಿ ಸಾಲಲ್ಲಿ ಮನೆ ಕಟ್ಟವ್ರೆ ನೋಡು" ಎನ್ನುತ್ತಿದ್ದಳು.

ಕಲಿಸುವುದು ಶುರುವಾದದ್ದು ಪಕ್ಕದ ಮನೆಯವಳಿಗಾಗಿ. ಮಗುವನ್ನು ಎತ್ತಿಕೊಂಡು ದಿನವೂ ಶೆಟ್ಟಿಹಳ್ಳಿಯ ಶಾಲೆಗೆ ನಡೆಯುತ್ತಿದ್ದಳು ಆಕೆ. ಗಂಡನ ಗಾಡಿ ಮನೆಯ ಮುಂದೆ ಸುಮ್ಮನೆ ನಿಂತಿರುತ್ತಿತ್ತು. ನಾಗಲಕ್ಷ್ಮಿಗೆ ನೋಡಿ ನೋಡಿ ಸಾಕಾಗಿ, "ಬಾರಮ್ಮ, ಹತ್ತು" ಎಂದಳು. ಆಕೆ ಕಲಿತದ್ದು ನೋಡಿ ಆಕೆಯ ನಾದಿನಿ ಬಂದಳು, ನಾದಿನಿಯ ಗೆಳತಿ ಬಂದಳು. ಹೆಂಗಸರಿಗೆ ಬಿಡುವಾಗುವುದು ಗಂಡ, ಮಕ್ಕಳು ಹೊರಟ ಮೇಲೆ. ಹಾಗಾಗಿ ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಪಾಠ. ಖಾಲಿ ಸೈಟಿನಲ್ಲಿ ಮರವೆಲ್ಲಿಂದ ಬರಬೇಕು? ಬಿಸಿಲು ನೆತ್ತಿಯ ಮೇಲೇ ನಿಂತಿರುತ್ತಿತ್ತು. ಆಕೆಗೆ ಅದರ ಪರಿವೆಯೇ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ಎಡಗೆನ್ನೆಯ ಮೇಲೆ ನಾಣ್ಯದಗಲದ ಕೆಂಪು ಕಲೆ ಎದ್ದಿತು. ಬೆವರುಸಾಲೆ ಎಂದುಕೊಂಡಳು. ಅದು ಹೋಗಲಿಲ್ಲ. ಮೇಲೆ ಬಿಳಿ ಹೊಟ್ಟು ಕಟ್ಟಿತು, ಅಂಚು ಕಪ್ಪಾಯಿತು. ಮೂಗಿನ ಮೇಲೊಂದು, ಕಿವಿಯ ಬಟ್ಟಲಿನಲ್ಲೊಂದು ಬಂತು. ಆಮೇಲೆ ತಲೆ ಬಾಚುವಾಗ ನೆತ್ತಿಯ ಪಕ್ಕದಲ್ಲಿ ಕೂದಲು ಗೊಂಚಲಾಗಿ ಕಿತ್ತು ಬಂದು, ನುಣ್ಣನೆಯ ಚರ್ಮ ಬೆರಳಿಗೆ ತಾಕಿತು. ಆ ದಿನ ಆಕೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತಿದ್ದಳು.

"ನಿನ್ ಎಸ್ರಲ್ಲೇ ನಾಗಪ್ಪ ಅವ್ನೆ. ಏನೋ ಮುನಿಸು ಇರ್ಬೇಕು. ಘಾಟಿ ದೇವಸ್ಥಾನಕ್ಕೆ ಓಗಿ ಕೈ ಮುಗ್ದು ಬರಾನ" ಎಂದಳು ಅತ್ತೆ.

ಹೋದರು. ಜನ ಕಿಕ್ಕಿರಿದಿದ್ದ ದಿನ. ನಾಗರಕಲ್ಲುಗಳ ಹತ್ತಿರ ಹಾಲೆರೆಯುವುದಕ್ಕೆ ಬಿಸಿಲಿನಲ್ಲೇ ಸಾಲು ನಿಂತು, ಭಕ್ತಿಯಿಂದ ಪೂಜೆ ಮುಗಿಸಿ ಬಂದರು. ವಾರ ಕಳೆಯುವುದರೊಳಗೆ ಕಲೆಗಳೆಲ್ಲ ಇನ್ನೂ ಕೆಂಪಗೆ ಉರಿದೆದ್ದವು. ವೆಂಕಟಲಕ್ಷ್ಮಮ್ಮ ಗಲಿಬಿಲಿಗೊಂಡಳು. ದೇವರ ದಾರಿಯ ಬಿಸಿಲೂ ಬಿಸಿಲೇ ಎಂಬುದು ಆಗ ಅವರಿಗೆ ಹೊಳೆಯಲಿಲ್ಲ.

ಯಾರೋ ಹೇಳಿದರೆಂದು ಬೆಳ್ಳಗಾಗುವ ಕ್ರೀಮು ಹಚ್ಚಿದ್ದಾಯಿತು. ಇನ್ಯಾರೋ ಹೇಳಿದ ಮುಲಾಮಿನ ಟ್ಯೂಬು ತಂದಿದ್ದಾಯಿತು. ಮೊದಮೊದಲು ಅದು ಮಂತ್ರ ಹಾಕಿದಂತೆ ಕೆಲಸ ಮಾಡಿತು. ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ, ಕೆಂಪು ನರಗಳು ಕಾಣತೊಡಗಿದವು. ಅಷ್ಟರಲ್ಲಿ ಕಲಿಯಲು ಬರುವವರೂ ಕಡಿಮೆಯಾದರು. ಒಬ್ಬಾಕೆ ನಾಗಲಕ್ಷ್ಮಿ ಕೊಟ್ಟ ಹೆಲ್ಮೆಟನ್ನು ಸೆರಗಿನಿಂದ ಒರೆಸಿ, ಒರೆಸಿ, ಕೊನೆಗೆ ಹಾಕಿಕೊಳ್ಳದೆ ಸೀಟಿನ ಮೇಲಿಟ್ಟು, "ನಾಳೆಯಿಂದ ಬರಕ್ಕಾಗಲ್ಲ ಅಕ್ಕ, ಮನೇಲಿ ಕೆಲಸ ಜಾಸ್ತಿ" ಎಂದಳು. ಆಕೆಯ ಕಣ್ಣು ನಾಗಲಕ್ಷ್ಮಿಯ ಕೆನ್ನೆಯ ಮೇಲಿತ್ತು. ಅಂದಿನಿಂದ ನಾಗಲಕ್ಷ್ಮಿ ದುಪಟ್ಟಾದಲ್ಲಿ ಮುಖ ಸುತ್ತಿಕೊಂಡಳು. ಕಣ್ಣು ಮಾತ್ರ ಕಾಣುವಂತೆ. ಮನೆಯೊಳಗೂ ಅದನ್ನು ಬಿಚ್ಚುತ್ತಿರಲಿಲ್ಲ.

ಶೆಟ್ಟಿಹಳ್ಳಿ ಮುಖ್ಯರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಮುಬೀನ್‌ನ ಹೆಂಡತಿಯೂ ನಾಗಲಕ್ಷ್ಮಿಯಿಂದಲೇ ಗಾಡಿ ಕಲಿತವಳು. ಒಂದು ದಿನ ನಾಗಲಕ್ಷ್ಮಿ ಆ ಅಂಗಡಿಗೆ ಹೋಗಿ ಅದೇ ಟ್ಯೂಬು ಕೇಳಿದಾಗ ಆತ ಕೊಡಲಿಲ್ಲ.

"ಬೇಡ ಅಕ್ಕ. ಇದು ಮುಖ ಹಾಳು ಮಾಡುತ್ತೆ. ಆರ್.ಟಿ. ನಗರದಲ್ಲಿ ಒಬ್ರು ಚರ್ಮದ ಡಾಕ್ಟ್ರು ಇದ್ದಾರೆ, ನಿಶಾತ್ ಅಂತ. ನಮ್ಮಮ್ಮನ್ನೂ ಅವರೇ ನೋಡಿದ್ದು. ಒಂದ್ಸಲ ತೋರ್ಸಿ."

ಬಾಲರಾಜು ವ್ಯಾನಿಗೆ ರಜೆ ಹಾಕಿ ಹೆಂಡತಿಯನ್ನು ಕರೆದುಕೊಂಡು ಹೋದ. ಡಾಕ್ಟರ್ ನಿಶಾತ್ ನಡುವಯಸ್ಸಿನ ಹೆಂಗಸು. ದುಪಟ್ಟಾ ತೆಗೆಯಲು ನಾಗಲಕ್ಷ್ಮಿ ಹಿಂಜರಿದಾಗ ಅವಸರ ಮಾಡಲಿಲ್ಲ. ತೆಗೆದ ಮೇಲೆ ಕೆನ್ನೆಯನ್ನು ಬರಿಗೈಯಿಂದಲೇ ಮುಟ್ಟಿ ನೋಡಿದರು, ಕಿವಿ ಮಡಚಿ ನೋಡಿದರು, ಕೂದಲು ಬಿಡಿಸಿ ನೋಡಿದರು. ಅಷ್ಟು ತಿಂಗಳಲ್ಲಿ ಹೊರಗಿನವರು ಯಾರೂ ಆ ಕೆನ್ನೆ ಮುಟ್ಟಿರಲಿಲ್ಲ. ನಾಗಲಕ್ಷ್ಮಿಯ ಕಣ್ಣು ತುಂಬಿತು.

"ಏನ್ ಕೆಲಸ ಮಾಡ್ತೀರಾ?"

"ಸ್ಕೂಟರ್ ಕಲಿಸ್ತೀನಿ ಮೇಡಂ."

"ಬಿಸಿಲಲ್ಲಿ ನಿಂತ ಮೇಲೆ ಇದು ಜಾಸ್ತಿ ಆಗುತ್ತಾ?"

ನಾಗಲಕ್ಷ್ಮಿ ಯೋಚಿಸಿದಳು. ಪಾಠ ಹೇಳುವ ಮೈದಾನ, ಘಾಟಿಯ ಸಾಲು, ಏಪ್ರಿಲ್ ತಿಂಗಳು. ಒಂದೊಂದೇ ನೆನಪಾಯಿತು. "ಹೌದಲ್ವಾ" ಎಂದಳು ತನಗೇ ಹೇಳಿಕೊಳ್ಳುವಂತೆ.

ಚರ್ಮದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಒಳಗಿನ ಅಂಗಾಂಗಗಳಿಗೆ ಏನಾದರೂ ತಗುಲಿದೆಯೇ ನೋಡಲು ರಕ್ತ, ಮೂತ್ರ ಪರೀಕ್ಷೆಗಳೂ ಆದವು. ಮುಂದಿನ ಸಲ ಹೋದಾಗ ಡಾಕ್ಟರು ಕುರ್ಚಿ ಎಳೆದುಕೊಂಡು ಎದುರು ಕೂತರು.

"ಇದಕ್ಕೆ ಲೂಪಸ್ ಅಂತಾರೆ. ನಿಮಗೆ ಚರ್ಮಕ್ಕೆ ಮಾತ್ರ ಬಂದಿದೆ, ಒಳಗೇನೂ ತೊಂದರೆ ಇಲ್ಲ. ಮೊದಲನೇ ಮಾತು, ಇದು ಅಂಟುರೋಗ ಅಲ್ಲ. ಯಾರಿಗೂ ಹರಡಲ್ಲ. ನೀವು ಮಾಡಿದ ತಪ್ಪಿಂದ ಬಂದಿದ್ದೂ ಅಲ್ಲ."

"ಮತ್ತೆ ಯಾಕೆ ಬಂತು ಡಾಕ್ಟ್ರೇ?" ಎಂದ ಬಾಲರಾಜು.

"ಅಪಾರ್ಟ್‌ಮೆಂಟ್ ಗೇಟಲ್ಲಿ ಸೆಕ್ಯೂರಿಟಿ ಇರ್ತಾನಲ್ಲ? ಅವನು ಕಳ್ಳನ್ನ ಬಿಟ್ಟು, ಮನೆ ಓನರ್‌ಗೇ ಲಾಠೀಲಿ ಹೊಡೆಯೋಕೆ ಶುರು ಮಾಡಿದ್ರೆ ಹೇಗಿರುತ್ತೆ? ಹಾಗೆ. ರೋಗದಿಂದ ಕಾಯಬೇಕಾದ ಶಕ್ತಿ ಇವರ ಚರ್ಮಕ್ಕೇ ಹೊಡೀತಾ ಇದೆ. ಬಿಸಿಲು ಬಿದ್ರೆ ಅವನ ತಲೆ ಇನ್ನೂ ಕೆಡುತ್ತೆ. ನಾನು ಕೊಡೋ ಮಾತ್ರೆ ಅವನನ್ನ ಕೆಲಸದಿಂದ ತೆಗೆಯಲ್ಲ. ಬುದ್ಧಿ ಹೇಳಿ ಕೂರಿಸುತ್ತೆ ಅಷ್ಟೇ."

ಹೈಡ್ರಾಕ್ಸಿಕ್ಲೋರೋಕ್ವಿನ್ ಎಂದು ಬರೆದರು. ಮಲೇರಿಯಾಕ್ಕೆ ಕೊಡುವ ಮಾತ್ರೆ ಎಂದು ತಿಳಿದು ಬಾಲರಾಜು ಕಕ್ಕಾಬಿಕ್ಕಿಯಾದ. "ಇವಳಿಗೆ ಚಳಿಜ್ವರ ಏನೂ ಇಲ್ವಲ್ಲ ಮೇಡಂ?"

ಡಾಕ್ಟರು ನಕ್ಕರು. ಹಿಂದೆ ದೊಡ್ಡ ಯುದ್ಧದ ಕಾಲದಲ್ಲಿ ಸೈನಿಕರಿಗೆ ಮಲೇರಿಯಾ ಬಾರದಿರಲೆಂದು ಇದೇ ಜಾತಿಯ ಔಷಧ ಕೊಡುತ್ತಿದ್ದರಂತೆ; ಅವರಲ್ಲಿ ಕೆಲವರಿಗೆ ಇದ್ದ ಇಂಥ ಚರ್ಮದ ಕಾಯಿಲೆ, ಕೀಲುನೋವು ತಾನಾಗಿ ತಗ್ಗಿದ್ದು ಕಂಡು ವೈದ್ಯರು ಇತ್ತ ತಿರುಗಿದರಂತೆ. "ಆದರೆ ಇದು ಆತುರದ ಮಾತ್ರೆ ಅಲ್ಲ. ಎರಡು ಮೂರು ತಿಂಗಳು ಏನೂ ಆಗ್ತಿಲ್ಲ ಅನ್ಸುತ್ತೆ. ಬಿಡಬೇಡಿ. ಊಟ ಮಾಡಿ ತಗೊಳ್ಳಿ. ತುಂಬ ವರ್ಷ ತಗೊಂಡ್ರೆ ಅಪರೂಪಕ್ಕೆ ಕಣ್ಣಿಗೆ ತೊಂದರೆ ಆಗಬಹುದು, ಅದಕ್ಕೇ ನಿಮ್ಮ ತೂಕ ನೋಡಿ ಲೆಕ್ಕ ಹಾಕಿ ಕೊಟ್ಟಿದ್ದೀನಿ. ಈಗಲೇ ಒಂದ್ಸಲ ಕಣ್ಣು ತೋರಿಸಿ, ಆಮೇಲೆ ನಾನು ಹೇಳಿದಾಗೆಲ್ಲ ತೋರಿಸ್ತಾ ಇರಿ. ಮಾತ್ರೆ ಅರ್ಧ ಕೆಲಸ ಮಾಡುತ್ತೆ. ಇನ್ನರ್ಧ ನೀವು ಮಾಡಬೇಕು."

ಆ ಇನ್ನರ್ಧ ಯಾವುದೆಂದು ಡಾಕ್ಟರು ಒಂದೊಂದಾಗಿ ಹೇಳಿದರು. ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗಕೂಡದು. ಅಗಲ ಅಂಚಿನ ಟೋಪಿ, ತುಂಬುತೋಳು. ಮುಖಕ್ಕೆ, ಕುತ್ತಿಗೆಗೆ, ಕಿವಿಗೆ ಸನ್‌ಸ್ಕ್ರೀನು; ಬೊಟ್ಟು ಇಟ್ಟಂತೆ ಹಚ್ಚಿದರೆ ಸಾಲದು, ಎರಡು ಬೆರಳುದ್ದಕ್ಕೆ ಹಿಂಡಿ ಹಚ್ಚಬೇಕು, ಹೊರಗಿದ್ದಷ್ಟು ಹೊತ್ತೂ ಎರಡೆರಡು ಗಂಟೆಗೆ ಮತ್ತೆ. ಮೋಡ ಕವಿದ ದಿನವೂ ತಪ್ಪಿಸಬಾರದು. ವ್ಯಾನಿನ ಗಾಜು ಮುಚ್ಚಿದ್ದರೂ ಬಿಸಿಲಿನ ಒಂದು ಅಂಶ ಒಳಗೆ ಬರುತ್ತದೆ. ಮನೆಯೊಳಗೆ ಬೀಡಿ, ಸಿಗರೇಟಿನ ಹೊಗೆಯೂ ಬೇಡ. ಬಾಲರಾಜು ತಲೆ ತಗ್ಗಿಸಿದ.

ಹೊರಬಂದಾಗ ನಾಗಲಕ್ಷ್ಮಿ ಅಂದಳು: "ಹತ್ತರಿಂದ ಒಂದು ಗಂಟೆ ನನ್ನ ಪಾಠದ ಹೊತ್ತು ಕಣ್ರೀ. ಅದನ್ನೇ ಬಿಡು ಅಂದ್ರೆ ಕಸುಬು ಬಿಡು ಅಂದ ಹಾಗೆ."

"ಬದುಕಿದ್ರೆ ಕಸುಬು ನಾಗು" ಎಂದು ಗಾಡಿ ಸ್ಟಾರ್ಟ್ ಮಾಡಿದ ಬಾಲರಾಜು.

ಮನೆಯಲ್ಲಿ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಬಿಸಿಲು ಆಗದು ಎಂಬ ಮಾತನ್ನು ಅವಳು ಗೇಲಿ ಮಾಡುತ್ತಾಳೆಂದು ನಾಗಲಕ್ಷ್ಮಿ ಹೆದರಿದ್ದಳು. ಆದರೆ ಅವಳು ಅಂದದ್ದೇ ಬೇರೆ.

"ನಾವೇನು ಬಿಸ್ಲಿಗೆ ಬರೀ ತಲೇಲಿ ಇಳೀತಿದ್ವಾ? ಕಳೆ ಕೀಳಕ್ಕೆ ಓಗೋವಾಗ ತಲೆಗೆ ಬಟ್ಟೆ ಸುತ್ಕಂಡು, ನಿನ್ ಮಾವಯ್ಯನ ಅಂಗಿ ತೊಟ್ಕಂಡೇ ಓಗ್ತಿದ್ದಿದ್ದು. ನೆತ್ತಿ ಮ್ಯಾಲೆ ಸೂರ್ಯ ಬಂದ್ರೆ ಮರದ ಬುಡಕ್ಕೆ. ಬರೀ ಮೈಯಾಗೆ ನಿಂತ್ಕಳ್ಳೋ ಕಾಲ ನಿಮ್ದು!"

ಮರುದಿನವೇ ಮಗನ ಹಳೆಯ ಬಿಳಿ ಅಂಗಿಯೊಂದನ್ನು ಹುಡುಕಿ, ಕಾಲರಿನ ಹಿಂದೆ ಕುತ್ತಿಗೆ ಮುಚ್ಚುವ ಬಟ್ಟೆ ಹೊಲಿಸಿಕೊಂಡು ಬಂದಳು.

ನಾಗಲಕ್ಷ್ಮಿ ಇದ್ದ ಕೆಲವೇ ಶಿಷ್ಯೆಯರಿಗೆ ಫೋನು ಮಾಡಿ, ಇನ್ನು ಮೇಲೆ ಬೆಳಗ್ಗೆ ಆರು ಗಂಟೆಗೆ ಪಾಠ, ಬರುವುದಾದರೆ ಬನ್ನಿ, ಇಲ್ಲದಿದ್ದರೆ ಬೇಜಾರಿಲ್ಲ ಎಂದು ಹೇಳಿಬಿಟ್ಟಳು. ಯಾರೂ ಬರುವುದಿಲ್ಲವೆಂದೇ ತಿಳಿದಿದ್ದಳು. ಆರು ಗಂಟೆಗೆ ಮೈದಾನಕ್ಕೆ ಹೋದರೆ ಇಬ್ಬರು ನಿಂತಿದ್ದರು. ಅವರಲ್ಲಿ ಒಬ್ಬಾಕೆ, ಆಶಾ ಕಾರ್ಯಕರ್ತೆ ಮುನಿಕೃಷ್ಣಮ್ಮ, ಹೇಳಿದಳು: "ನಮ್ಮೆಜಮಾನ್ರಿಗೆ ಹೇಳ್ಬಿಟ್ಟೆ ಕಣಕ್ಕ. ಒಂದು ತಿಂಗಳು ನೀವೇ ಕುಕ್ಕರ್ ಕೂಗ್ಸಿ, ಮಕ್ಕಳ ಡಬ್ಬಿ ತುಂಬ್ಸಿ, ನಾನು ಗಾಡಿ ಕಲ್ತು ಬರ್ತೀನಿ ಅಂತ." ಈ ಮಾತು ಬಾಯಿಂದ ಬಾಯಿಗೆ ಹೋಯಿತು. ಅಬ್ಬಿಗೆರೆಯ ಎಷ್ಟೋ ಗಂಡಸರು ಅಡುಗೆಮನೆಯ ದಾರಿ ಕಂಡದ್ದು ಆ ಮಳೆಗಾಲದಲ್ಲೇ ಎಂದು ಇಂದಿಗೂ ತಮಾಷೆ ಮಾಡುತ್ತಾರೆ.

ಮೊದಲ ತಿಂಗಳು ಕಲೆಗಳು ಜಪ್ಪಯ್ಯ ಅನ್ನಲಿಲ್ಲ. ಎರಡನೆಯ ತಿಂಗಳು ನಾಗಲಕ್ಷ್ಮಿ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಬಿಸಾಡಲೇ ಎಂದು ಯೋಚಿಸಿದ್ದೂ ಉಂಟು. ದಸರೆ ಕಳೆದು ಚಳಿ ಶುರುವಾಗುವ ಹೊತ್ತಿಗೆ, ಒಂದು ಬೆಳಗ್ಗೆ ಮುಖ ತೊಳೆದು ಕನ್ನಡಿ ನೋಡಿದವಳಿಗೆ ಕೆನ್ನೆಯ ಕೆಂಪು ಇಳಿದಂತೆ ಕಂಡಿತು. ಬೆರಳಾಡಿಸಿದಳು. ಹೊಟ್ಟು ಇರಲಿಲ್ಲ, ಉರಿ ಇರಲಿಲ್ಲ. "ಅತ್ತೇ!" ಎಂದು ಕೂಗಿದ ಕೂಗಿಗೆ ವೆಂಕಟಲಕ್ಷ್ಮಮ್ಮ ಕೈಯಲ್ಲಿದ್ದ ಮುದ್ದೆ ಕೋಲಿನ ಸಮೇತ ಓಡಿಬಂದಳು. ಅತ್ತೆ ಸೊಸೆ ಇಬ್ಬರೂ ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ತಿರುಗಿಸಿ ನೋಡಿದರು. ಮಾಸಿದ ಗುರುತು ಉಳಿದಿತ್ತು, ನೆತ್ತಿಯ ಪಕ್ಕದಲ್ಲಿ ಹೋದ ಕೂದಲು ಬರಲಿಲ್ಲ, ಬರುವುದೂ ಇಲ್ಲವೆಂದು ಡಾಕ್ಟರು ಹೇಳಿದ್ದರು. ಆದರೆ ಹೊಸ ಕಲೆ ಒಂದೂ ಇರಲಿಲ್ಲ. ಆದರೂ ಹೊರಗೆ ಹೋಗುವಾಗ ದುಪಟ್ಟಾ ಮುಖದ ಮೇಲೆ ಬರುವುದು ನಿಲ್ಲಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು.

ಮರುವರ್ಷ, ಅಂದರೆ ಎರಡು ಸಾವಿರದ ಇಪ್ಪತ್ತರ ಮಾರ್ಚಿನಲ್ಲಿ, ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ಕೊರೊನಾಕ್ಕೆ ಮಲೇರಿಯಾ ಮಾತ್ರೆಯೇ ಮದ್ದಂತೆ ಎಂಬ ಸುದ್ದಿ ಟಿವಿಯಲ್ಲಿ ಬಂತು, ಫೋನಿನಿಂದ ಫೋನಿಗೆ ಹಾರಿತು. ನಾಗಲಕ್ಷ್ಮಿ ಆ ಹೆಸರು ಕೇಳಿ ನಕ್ಕಿದ್ದಳು, "ನನ್ನ ಮಾತ್ರೆ ಟಿವೀಲಿ ಬಂತು ನೋಡ್ರೀ" ಎಂದು. ತಿಂಗಳ ಮಾತ್ರೆ ತರಲು ಹೋದಾಗ ನಗು ನಿಂತಿತು.

"ಒಂದೂ ಇಲ್ಲ ಅಕ್ಕ" ಎಂದ ಮುಬೀನ್. ಅವನ ಮುಖ ಬಾಡಿತ್ತು. "ನಿಮಗೇ ಅಂತ ಎತ್ತಿಟ್ಟಿದ್ದೆ. ನಾನು ಊಟಕ್ಕೆ ಹೋಗಿದ್ದಾಗ ಅಂಗಡೀಲಿದ್ದ ಹುಡುಗ ಕೊಟ್ಬಿಟ್ಟ. ಜಾಲಹಳ್ಳಿ, ಯಶವಂತಪುರ, ಎಲ್ಲಾ ಕಡೆ ವಿಚಾರಿಸ್ದೆ. ಕಂಪನೀಂದಾನೇ ಬರ್ತಿಲ್ಲ."

ಡಾಕ್ಟರಿಗೆ ಫೋನು ಮಾಡಿದಳು. "ಗಾಬರಿ ಬೇಡ ನಾಗಲಕ್ಷ್ಮಿ. ಇಷ್ಟು ತಿಂಗಳು ತಗೊಂಡಿರೋ ಔಷಧ ಮೈಯಿಂದ ಒಂದೇ ಸಲಕ್ಕೆ ಹೋಗಲ್ಲ. ಉಳಿದಿರೋದನ್ನ ದಿನಕ್ಕೆ ಎರಡರ ಬದಲು ಒಂದೇ ತಗೊಂಡು ಎಳೆಯಿರಿ. ಬಿಸಿಲಿಗೆ ಮಾತ್ರ ಈಗ ಎರಡರಷ್ಟು ಹುಷಾರು" ಎಂದರು ನಿಶಾತ್. ಅವರ ದನಿಯಲ್ಲೇ ದಣಿವಿತ್ತು. ಬೆಳಗ್ಗೆಯಿಂದ ಇಂಥದೇ ಫೋನುಗಳಂತೆ.

ಅವತ್ತೇ ಸಂಜೆ ಜಕ್ಕೂರಿನಿಂದ ಅಪ್ಪನ ಫೋನು ಬಂತು. "ನಮ್ ಬೀದಿ ದೊಡ್ಡಮುನಿಯಮ್ಮ ಇಲ್ವಾ, ಅವ್ಳಿಗೂ ಅದೇ ಮಾತ್ರೆ ಅಂತೆ ಕಣವ್ವ. ಅವ್ಳಿಗೆ ಚರ್ಮಕ್ಕೆ ಅಲ್ಲ, ಕಿಡ್ನಿಗೇ ಬಂದದಂತೆ. ಮಾತ್ರೆ ಮುಗ್ದು ಮನೇಲಿ ಎಲ್ರೂ ಅಳ್ತಾವ್ರೆ. ನಿನ್ ತಾವ ಏನಾರ ಇದ್ದದಾ?"

ನಾಗಲಕ್ಷ್ಮಿ ತನ್ನ ಮಾತ್ರೆಯ ಪಟ್ಟಿ ನೋಡಿದಳು. ಇದ್ದದ್ದು ತನಗೇ ಸಾಲದು. ಅಷ್ಟು ಹೊತ್ತಿನ ದುಃಖ ಸಿಟ್ಟಾಯಿತು. ತನ್ನ ಕಲೆ ಮರಳಿದರೆ ಮುಖ ಕೆಡಬಹುದು. ಆ ಹೆಂಗಸಿಗೆ ಜೀವಕ್ಕೇ ಕುತ್ತು. ಮಾತ್ರೆ ಊರಲ್ಲಿ ಇಲ್ಲವೆಂದಲ್ಲ. ಬೀರುಗಳಲ್ಲಿ, ಫ್ರಿಜ್ಜುಗಳ ಮೇಲೆ, ಜ್ವರವೇ ಇಲ್ಲದವರ ಮನೆಗಳಲ್ಲಿ ಇದೆ.

"ಏನ್ರೀ, ಫೋನ್ ಹಿಡ್ಕೊಳ್ಳಿ. ನಾನು ಮಾತಾಡ್ತೀನಿ, ವಿಡಿಯೋ ಮಾಡಿ" ಎಂದಳು ಗಂಡನಿಗೆ.

ಅಡುಗೆಮನೆಯ ಗೋಡೆಗೆ ಒರಗಿ ಕೂತಳು. ಬಾಲರಾಜು ಫೋನು ಎತ್ತಿ ಹಿಡಿದ. ನಾಗಲಕ್ಷ್ಮಿ ಅಭ್ಯಾಸದಂತೆ ದುಪಟ್ಟಾವನ್ನು ಮುಖಕ್ಕೆ ಸುತ್ತಿಕೊಂಡಳು. ಬಾಗಿಲಲ್ಲಿ ನಿಂತಿದ್ದ ವೆಂಕಟಲಕ್ಷ್ಮಮ್ಮ ಹತ್ತಿರ ಬಂದು ಸೊಸೆಯ ಗದ್ದ ಮುಟ್ಟಿದಳು.

"ಬಟ್ಟೆ ತೆಗಿಯವ್ವ. ನೋಡ್ಲಿ ಎಲ್ರೂವೆ. ನೀನೇನ್ ಕದ್ದಿದ್ದೀಯಾ?"

ನಾಗಲಕ್ಷ್ಮಿ ದುಪಟ್ಟಾ ಬಿಚ್ಚಿದಳು. ನಾಡಿನವರೆಲ್ಲ ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಆ ದಿನಗಳಲ್ಲಿ, ಅಷ್ಟು ಕಾಲ ಮುಚ್ಚಿಟ್ಟ ಮುಖವನ್ನು ಆಕೆ ತೆರೆದು ತೋರಿಸಿದಳು.

"ನಾನು ಅಬ್ಬಿಗೆರೆ ನಾಗಲಕ್ಷ್ಮಿ. ನಿಮ್ಮಲ್ಲಿ ತುಂಬ ಜನಕ್ಕೆ ಗಾಡಿ ಕಲಿಸಿದ್ದೀನಿ. ಈ ಕಲೆ ನೋಡಿ. ಇದು ಅಂಟಲ್ಲ. ಇದನ್ನ ಹತೋಟೀಲಿ ಇಟ್ಟಿರೋದು ನೀವು ಕೊರೊನಾಗೆ ಅಂತ ತಂದಿಟ್ಕೊಂಡಿರೋ ಮಾತ್ರೆ. ನಿಮಗೆ ಅದು ಬೇಕೋ ಬೇಡ್ವೋ ಡಾಕ್ಟ್ರು ಹೇಳ್ಬೇಕು. ನಮಗೆ ಮಾತ್ರ ಅದು ದಿನದ ಅನ್ನ ಇದ್ದ ಹಾಗೆ. ಜಕ್ಕೂರಲ್ಲಿ ಒಬ್ರು ಅಮ್ಮನಿಗೆ ಅದಿಲ್ದೆ ಜೀವಕ್ಕೆ ಅಪಾಯ. ಒಡೆಯದೆ ಇರೋ ಪಟ್ಟಿ ಇದ್ರೆ ಶೆಟ್ಟಿಹಳ್ಳಿ ಮುಬೀನ್ ಅವರ ಅಂಗಡಿಗೆ ಕೊಡಿ. ಡಾಕ್ಟ್ರ ಚೀಟಿ ನೋಡಿ, ಯಾರಿಗೆ ಬೇಕೋ ಅವರಿಗೇ ಮುಟ್ಟಿಸ್ತೀವಿ."

ಅಷ್ಟೇ. ತನ್ನ ಶಿಷ್ಯೆಯರ ಗುಂಪಿಗೆ ಕಳಿಸಿ, ಫೋನು ಕೆಳಗಿಟ್ಟಳು.

ವಿಡಿಯೋ ಅಬ್ಬಿಗೆರೆ ದಾಟಿ, ಹೆಬ್ಬಾಳ ದಾಟಿ ಎಲ್ಲೆಲ್ಲಿಗೋ ಹೋಯಿತು. ಮಾರನೆಯ ಬೆಳಗ್ಗೆ ಮೊದಲು ಬಂದವನು ಅದೇ ಬೀದಿಯ ಪಂಚಪ್ಪ. ಹೊಲ ಕೊಟ್ಟು ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದ ಹಿರಿಯ. ನಾಗಲಕ್ಷ್ಮಿಯ ಮನೆ ಗೇಟಿನ ಹೊರಗೆ ನಿಂತು ಒಂದು ಕೈಚೀಲ ಚಾಚಿದ. ಒಳಗೆ ಪಟ್ಟಿಗಳ ರಾಶಿ.

"ಮನೆಮಂದಿಗೆಲ್ಲ ಅಂತ ತಂದ್ಬಿಟ್ಟಿದ್ದೆ ಕಣಮ್ಮ. ನಿನ್ ಮುಖ ನೋಡಿದ್ ಮ್ಯಾಲೆ ಊಟ ಸೇರ್ನಿಲ್ಲ. ತಗೋ. ನಾವೊಂದು ಕಷಾಯ ಕುಡ್ಕಂಡು ಇರ್ತೀವಿ."

ಆಮೇಲೆ ಒಬ್ಬರ ಹಿಂದೊಬ್ಬರು. ಹೆಲ್ಮೆಟ್ ಒರೆಸಿ ಇಟ್ಟು ಹೋಗಿದ್ದಾಕೆಯೂ ಒಂದು ಪಟ್ಟಿ ಕಳಿಸಿದಳು. ಮುಬೀನ್ ಪ್ರತಿಯೊಂದರ ತಾರೀಕು ನೋಡಿ ಬೇರೆ ಮಾಡಿದ. ಮಾತ್ರೆ ಬೇಕೆಂದವರ ಚೀಟಿಗಳ ಫೋಟೋಗಳನ್ನು ಡಾಕ್ಟರ್ ನಿಶಾತ್ ಒಂದೊಂದಾಗಿ ನೋಡಿ, ಯಾರಿಗೆ ಎಷ್ಟು, ಯಾರಿಗೆ ಮೊದಲು ಎಂದು ಹೇಳಿದರು. ಓಡಾಟದ ಪಾಸು ಇದ್ದವರು ಮುನಿಕೃಷ್ಣಮ್ಮ ಮತ್ತು ಯಲಹಂಕದ ಆಸ್ಪತ್ರೆಗೆ ಕೆಲಸಕ್ಕೆ ಹೋಗುವ ಇನ್ನಿಬ್ಬರು ಶಿಷ್ಯೆಯರು. ಕೆಲಸಕ್ಕೆ ಹೋಗುವ ದಾರಿಯಲ್ಲೇ ಮಾತ್ರೆ ಮುಟ್ಟಿಸುತ್ತ ಹೋದರು. ಒಂದು ಕಾಲದಲ್ಲಿ ಗಾಡಿಯನ್ನು ಮನೆ ಗೇಟು ದಾಟಿಸಲು ಹೆದರುತ್ತಿದ್ದ ಹೆಂಗಸರು ಬಿಕೋ ಎನ್ನುವ ರಿಂಗ್ ರೋಡಿನಲ್ಲಿ ಒಬ್ಬೊಬ್ಬರೇ ಹೋದರು.

ಜಕ್ಕೂರಿಗೆ ಮಾತ್ರ ತಾನೇ ಹೋಗುತ್ತೇನೆಂದು ನಾಗಲಕ್ಷ್ಮಿ ಹಟ ಹಿಡಿದಳು. ಸೂರ್ಯ ಮೇಲೇರುವ ಮೊದಲೇ ಹೊರಟಳು. ಅತ್ತೆ ಹೊಲಿಸಿದ ಅಂಗಿ, ಕೈಗವಸು, ಕಪ್ಪು ಕನ್ನಡಕ, ಮಾಸ್ಕು, ಹೆಲ್ಮೆಟ್ಟು, ಒಳಗೆ ಬಿಳಿಯಾಗಿ ಮೆತ್ತಿದ ಸನ್‌ಸ್ಕ್ರೀನು. ಗಂಗಮ್ಮನಗುಡಿ ಹತ್ತಿರ ಬ್ಯಾರಿಕೇಡ್ ಇಟ್ಟಿದ್ದ ಪೊಲೀಸಿನವನು ಕೈ ಅಡ್ಡ ಹಿಡಿದು, ಮೇಲಿಂದ ಕೆಳಗೆ ನೋಡಿದ.

"ಯಾರಮ್ಮ ನೀನು? ಕೊರೊನಾನೇ ಹೆದರಿ ಓಡೋ ಹಾಗಿದ್ದೀಯಲ್ಲ!"

"ನಂದು ಕೊರೊನಾ ಡ್ರೆಸ್ ಅಲ್ಲ ಸಾರ್, ಬಿಸಿಲಿನ ಡ್ರೆಸ್ಸು" ಎಂದು ನಾಗಲಕ್ಷ್ಮಿ ಡಾಕ್ಟರ ಚೀಟಿ ಮತ್ತು ಮಾತ್ರೆ ತೋರಿಸಿದಳು. ಆತ ಓದಿ, ಹೆಸರು ನೋಡಿ, ಫೋನು ತೆಗೆದ. "ವಿಡಿಯೋದಲ್ಲಿ ಮಾತಾಡಿದ್ದು ನೀನೇನಾ? ನಮ್ಮ ಮನೆಯವಳು ಕಳ್ಸಿದ್ಲು ನಂಗೆ." ಬ್ಯಾರಿಕೇಡನ್ನು ತಾನೇ ಎಳೆದು ದಾರಿ ಬಿಟ್ಟ.

ದೊಡ್ಡಮುನಿಯಮ್ಮನ ಮನೆ ಕೆರೆಯ ಏರಿಗೆ ಹತ್ತಿರ. ಮುದುಕಿ ಪಡಸಾಲೆಯಲ್ಲಿ ಗೋಡೆ ಹಿಡಿದು ಕೂತಿದ್ದಳು, ಕಾಲು ಊದಿತ್ತು. ನಾಗಲಕ್ಷ್ಮಿ ದೂರದಲ್ಲೇ ನಿಂತು ಪಟ್ಟಿಗಳನ್ನು ಕಟ್ಟೆಯ ಮೇಲಿಟ್ಟು, ಹಿಂದೆ ಸರಿದಳು.

"ಯಾರ ಮಗ್ಳವ್ವ ನೀನು?"

"ಸೊಪ್ಪಿನ ವೆಂಕಟಸ್ವಾಮಿ ಮಗಳು ಅಮ್ಮ. ನಾನೂ ಇದೇ ಮಾತ್ರೆ ನುಂಗೋದು."

ಮುದುಕಿ ಮಾತ್ರೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. "ಅಂಗಾರೆ ನಾವಿಬ್ರೂ ಒಂದೇ ಮನೆಯೋರು ಕಣವ್ವ" ಎಂದಳು.

ಬಿಸಿಲೇರುವ ಮೊದಲು ನಾಗಲಕ್ಷ್ಮಿ ಮನೆ ಮುಟ್ಟಿದ್ದಳು. ಆ ಹಿಂತಿರುಗುವ ದಾರಿಯಲ್ಲಿ, ಹೆಬ್ಬಾಳದ ಖಾಲಿ ಮೇಲ್ಸೇತುವೆಯ ಮೇಲೆ, ಹೆಲ್ಮೆಟ್ಟಿನೊಳಗೇ ಜೋರಾಗಿ ಹಾಡಿಕೊಂಡು ಬಂದೆ ಎಂದು ಆಕೆ ಈಗ ನಗುತ್ತ ಹೇಳುತ್ತಾಳೆ. ಮಳೆಗಾಲ ಕಾಲಿಡುವ ಹೊತ್ತಿಗೆ ಅಂಗಡಿಗಳಿಗೆ ಮಾತ್ರೆ ಮತ್ತೆ ಬಂತು. ಕೊರೊನಾಕ್ಕೆ ಅದರಿಂದ ಪ್ರಯೋಜನವಿಲ್ಲವೆಂದು ವೈದ್ಯರು ಹೇಳಿದ ಮೇಲಂತೂ ಅದನ್ನು ಕೇಳುವವರೇ ಇರಲಿಲ್ಲ, ಬೇಕಾದವರನ್ನು ಬಿಟ್ಟು. ದೊಡ್ಡಮುನಿಯಮ್ಮ ಚೇತರಿಸಿಕೊಂಡಳು. ನಾಗಲಕ್ಷ್ಮಿಗೆ ಕಿವಿಯಲ್ಲೊಂದು ಕಲೆ ಮರಳಿತ್ತು, ಪೂರ್ತಿ ಮಾತ್ರೆ ಶುರುವಾದ ಮೇಲೆ ಅದೂ ಇಳಿಯಿತು.

ಊರು ಬಾಗಿಲು ತೆರೆದಾಗ ಪಂಚಪ್ಪನೇ ಮನೆಗೆ ಬಂದ. "ನನ್ನ ಅಪಾರ್ಟ್‌ಮೆಂಟ್ ಕೆಲ್ಸ ನಿಂತೋಗ್ಬಿಟ್ಟದೆ. ಕೆಳಗಡೆ ಕಾರ್ ನಿಲ್ಸೋ ಜಾಗ ಪೂರಾ ಖಾಲಿ, ಮ್ಯಾಲೆ ಸೂರಿದೆ. ಅಲ್ಲಿ ಕಲಿಸು. ಬಿಸ್ಲಿಗ್ಯಾಕೆ ಓಗ್ತೀಯಾ?"

ಕಂಬಗಳ ನಡುವಿನ ಆ ನೆರಳಿನಲ್ಲಿ ಪಾಠ ನಡೆದಷ್ಟು ಚೆನ್ನಾಗಿ ಮೈದಾನದಲ್ಲೂ ನಡೆದಿರಲಿಲ್ಲ. ಕಂಬ ಸುತ್ತಿ ಬಂದವಳಿಗೆ ಯಶವಂತಪುರದ ಟ್ರಾಫಿಕ್ ಏನೂ ಅಲ್ಲ ಎಂದು ನಾಗಲಕ್ಷ್ಮಿ ಹೇಳುತ್ತಿದ್ದಳು. ಹತ್ತರಿಂದ ಒಂದರ ಹೊತ್ತೂ ಆಕೆಗೆ ವಾಪಸ್ಸಾಯಿತು. ಅಪಾರ್ಟ್‌ಮೆಂಟ್ ಮುಗಿದು ಜನ ಬಂದ ಮೇಲೆ ಪಂಚಪ್ಪನ ಇನ್ನೊಂದು ಸೈಟಿಗೆ ಹಸಿರು ಬಲೆಯ ಚಪ್ಪರ ಎದ್ದಿತು. ಅದರ ಖರ್ಚನ್ನು ಹಳೆಯ ಶಿಷ್ಯೆಯರೇ ಹಂಚಿಕೊಂಡರು. ಆ ಚಪ್ಪರದಡಿಗೆ ಈಚೆಗೆ ಮೋನಿಷಾ ಎಂಬ ಹುಡುಗಿ ಮುಖ ಮುಚ್ಚಿಕೊಂಡು ಬಂದಾಗ, ನಾಗಲಕ್ಷ್ಮಿ ಬಟ್ಟೆ ಸರಿದಾಗ ಆಕೆಯ ಮೂಗಿನ ಮೇಲಿನ ಕಲೆಯನ್ನು ನೋಡಿ, ಗಾಡಿಯ ಕೀಲಿ ಕೊಡುವ ಮೊದಲು ಹಿಂದಿನ ಸೀಟಿಗೆ ಹತ್ತಿಸಿಕೊಂಡು ನೇರ ಆರ್.ಟಿ. ನಗರಕ್ಕೆ ಹೋದಳು. ಕಾಯಿಲೆಯ ಹೆಸರು ಹೇಳುವುದು ಡಾಕ್ಟರ ಕೆಲಸ, ಕರೆದುಕೊಂಡು ಹೋಗುವುದು ನನ್ನ ಕೆಲಸ ಎನ್ನುತ್ತಾಳೆ.

ಕಳೆದ ಮಾಘದಲ್ಲಿ ಬಾಲರಾಜುವಿನ ತಂಗಿಯ ಮಗಳು ರಮ್ಯಳ ಮದುವೆಯಾಯಿತು. ನಾಗಲಕ್ಷ್ಮಿ ಮುಖ ಮುಚ್ಚಿಕೊಳ್ಳದೆ, ಹುಬ್ಬು ತೀಡಿ, ಬೋಳಾದ ಜಾಗ ಮುಚ್ಚುವಂತೆ ಮಲ್ಲಿಗೆ ಮುಡಿದು, ಕನಕಾಂಬರ ಬಣ್ಣದ ರೇಷ್ಮೆ ಸೀರೆಯುಟ್ಟು ಓಡಾಡಿದಳು. ಮುಹೂರ್ತ ಮುಗಿದ ಮೇಲೆ ಫೋಟೋದವನು ಮನೆಯವರನ್ನೆಲ್ಲ ಛತ್ರದ ಅಂಗಳಕ್ಕೆ ಕರೆದ. ನಡುಹಗಲು. ಹಿರಿಯರು ಕುರ್ಚಿಗಳಲ್ಲಿ ಕೂತರು, ಉಳಿದವರು ಹಿಂದೆ ಸಾಲಾಗಿ ನಿಂತರು. ನಾಗಲಕ್ಷ್ಮಿ ಮೆಟ್ಟಿಲ ಮೇಲಿನ ನೆರಳಿನಲ್ಲೇ ನಿಂತಳು.

"ಅಕ್ಕ, ಬನ್ನಿ, ಬೆಳಕು ಚೆನ್ನಾಗಿದೆ. ಒಂದೇ ನಿಮಿಷ" ಎಂದ ಫೋಟೋದವನು.

"ಒಂದು ನಿಮಿಷಾನೂ ಬರಲ್ಲ ಕಣಪ್ಪ. ನನಗೆ ಬಿಸಿಲು ಆಗಲ್ಲ. ಫೋಟೋ ಬೇಕಂದ್ರೆ ನೀನೇ ಈ ಕಡೆ ಬಾ."

ಆ ಮಾತಿನಲ್ಲಿ ಸಂಕೋಚವಿರಲಿಲ್ಲ. ಗಂಡಿನ ಕಡೆಯ ಯಾರೋ ಹಿರಿಯರು ಹುಬ್ಬುಗಂಟಿಕ್ಕಿದರು. ಅಷ್ಟರಲ್ಲಿ ಮೊದಲ ಸಾಲಿನ ಕುರ್ಚಿಯಿಂದ ವೆಂಕಟಲಕ್ಷ್ಮಮ್ಮ ಎದ್ದಳು. ಕುರ್ಚಿಯನ್ನೂ ಎತ್ತಿಕೊಂಡಳು.

"ಏಳ್ರೋ ಎಲ್ಲ. ನನ್ ಸೊಸೆ ಇಲ್ದಿರೋ ಪೋಟ ನಂಗ್ಯಾಕೆ?"

ಮದುಮಗಳು ಸೀರೆ ಎತ್ತಿ ಹಿಡಿದು ಮೆಟ್ಟಿಲು ಹತ್ತಿದಳು, ಮದುಮಗ ಹಿಂದೆ ಬಂದ, ಬಾಲರಾಜು ನಗುತ್ತ ಬಂದು ಹೆಂಡತಿಯ ಪಕ್ಕ ನಿಂತ. ಬೀಗರು, ಮಕ್ಕಳು, ಊರಿನ ಹಿರಿಯರು, ಎಲ್ಲರೂ ದಡಬಡನೆ ನೆರಳಿಗೆ ಸರಿದರು. ಜಾಗ ಸಾಲದೆ ಒಬ್ಬರ ಮೇಲೊಬ್ಬರು ಒತ್ತಿಕೊಂಡು ನಿಂತರು. ನಾಗಲಕ್ಷ್ಮಿ ನಟ್ಟನಡುವೆ, ಮಾಸಿದ ಕಲೆಯ ಕೆನ್ನೆಯನ್ನು ಕ್ಯಾಮೆರಾದ ಕಡೆಗೇ ತಿರುಗಿಸಿ, ತಲೆ ಎತ್ತಿ ನಿಂತಳು.

"ಈಗ ತೆಗಿಯಪ್ಪ" ಎಂದಳು.